ಬಿಳಿ ರೆಕ್ಕೆ, ಕಪ್ಪು ಮೈ, ಹಸಿರು ಬುಡ

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಆದರೆ ಇವತ್ತು ನಾನು ಒಂದೂವರೆ ಅಂಗುಲದ ಒಂದು ವಸ್ತುವನ್ನು ಗುರುತಿಸುವ ಬಗೆ ಹೇಳಬೇಕು. ಅದೊಂದು ಮೀನಿನ ಗಾಳ. ಅದರ ಕಬ್ಬಿಣದ ಮೇಲೆ ದಾರ ಸುತ್ತಿ, ಜರಿ ಎಳೆದು, ಹುಂಜದ ಗರಿ ಕಟ್ಟಿ, ಬೆನ್ನಿಗೆ ಜಿಂಕೆಯ ಬಾಲದ ಕೂದಲು ಕೂರಿಸಿದ್ದಾರೆ. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಈ ವೇಷ ನೋಡಿಯೇ ಮೀನು ಬಾಯಿ ಹಾಕಬೇಕು. ಇಂಥದಕ್ಕೆ ಫ್ಲೈ ಅನ್ನುತ್ತಾರೆ. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ನೀರೊಳಗೆ ಇಳಿದು ಸಾಗುವುದು ವೆಟ್ ಫ್ಲೈ. ಗರಿಯ ಬದಲು ಕೂದಲನ್ನೇ ರೆಕ್ಕೆ ಮಾಡಿದ್ದರೆ ಅದು ಹೇರ್‌ವಿಂಗ್. ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ, ಆರಿಗನ್, ವಾಷಿಂಗ್ಟನ್ ರಾಜ್ಯಗಳಲ್ಲಿ, ಇನ್ನೂ ಉತ್ತರಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ಟೀಲ್‌ಹೆಡ್ ಎಂಬ ಮೀನಿಗೆ ಇದನ್ನು ಒಡ್ಡುತ್ತಾರೆ. ಕೆಲಸದ ನಿಮಿತ್ತ ಕೆಲವು ಕಾಲ ಆ ಕಡೆ ಇದ್ದವನು ನಾನು. ಅಲ್ಲಿ ಅಂಟಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಮೊದಲು ಮೀನಿನ ಮಾತು. ಸ್ಟೀಲ್‌ಹೆಡ್ ಬೇರೆ ಜಾತಿಯೇನಲ್ಲ, ಸಮುದ್ರಕ್ಕೆ ಹೋಗಿಬರುವ ರೇನ್‌ಬೋ ಟ್ರೌಟ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ನಮ್ಮ ಪಕ್ಕದ ನೀಲಗಿರಿಯ ತಣ್ಣನೆಯ ತೊರೆಗಳಿಗೆ ತಂದು ಬಿಟ್ಟರಲ್ಲ, ಅದೇ ಜಾತಿ. ಬಹಳ ಕಾಲ ಇದನ್ನು ಅಟ್ಲಾಂಟಿಕ್ ಸಾಲ್ಮನ್ನಿನ ಕುಲಕ್ಕೆ ಸೇರಿಸಿದ್ದರು. 1989ರಲ್ಲಿ ಮೀನುಶಾಸ್ತ್ರಜ್ಞರು ಅಲ್ಲಿಂದ ತೆಗೆದು ಪೆಸಿಫಿಕ್ ಸಾಲ್ಮನ್‌ಗಳ ಕುಲಕ್ಕೆ ಹಾಕಿದರು. ಹೊಳೆಯಲ್ಲಿ ಹುಟ್ಟಿ, ಒಂದೆರಡು ಮೂರು ವರ್ಷ ಅಲ್ಲೇ ಹುಳುಹುಪ್ಪಟೆ ತಿಂದು ಬೆಳೆದು, ಬೆಳ್ಳಿಬಣ್ಣಕ್ಕೆ ತಿರುಗಿ ಸಮುದ್ರ ಸೇರುತ್ತದೆ. ಕೆಲವು ವರ್ಷ ಅಲ್ಲಿ ಮೇದು ದಪ್ಪನಾಗಿ ಹುಟ್ಟಿದ ಹೊಳೆಗೇ ಮರಳುತ್ತದೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಮತ್ತೆ ಸಮುದ್ರಕ್ಕೆ ಇಳಿಯುತ್ತವೆ.

ಇವುಗಳಲ್ಲಿ ಚಳಿಗಾಲಕ್ಕೆ ಬರುವ ಹಿಂಡು ಬೇರೆ, ಬೇಸಿಗೆಗೆ ಬರುವ ಹಿಂಡು ಬೇರೆ. ಬೇಸಿಗೆಯ ಮೀನಿನ ರೀತಿ ವಿಚಿತ್ರ. ಮೊಟ್ಟೆಯಿಡುವ ಕಾಲಕ್ಕೆ ಎಷ್ಟೋ ತಿಂಗಳು ಮುಂಚೆಯೇ ಹೊಳೆಗೆ ಬಂದು, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತಾ, ಆಳದ ಮಡುಗಳಲ್ಲಿ ಕಾಯುತ್ತಾ ಇರುತ್ತದೆ. ಹೊಟ್ಟೆಗೆ ಹೆಚ್ಚೇನೂ ತಿನ್ನುವುದಿಲ್ಲ. ಹಾಗಿದ್ದ ಮೇಲೆ ಫ್ಲೈಗೆ ಯಾಕೆ ಬಾಯಿ ಹಾಕುತ್ತದೆ? ಮರಿಯಾಗಿದ್ದಾಗಿನ ಊಟದ ನೆನಪು ಅನ್ನುವವರಿದ್ದಾರೆ, ಸಿಟ್ಟು ಅನ್ನುವವರಿದ್ದಾರೆ, ಕುತೂಹಲ ಅನ್ನುವವರಿದ್ದಾರೆ. ನನ್ನ ಮತ ಕುತೂಹಲದ ಕಡೆಗೆ. ಕೈಯಿಲ್ಲದ ಪ್ರಾಣಿ ಮುಟ್ಟಿ ನೋಡಬೇಕಾದರೆ ಬಾಯಿಂದಲೇ ಮುಟ್ಟಬೇಕು. ಕಾರಣ ಏನೇ ಇರಲಿ, ಹಸಿಯದ ಮೀನಿಗೆ ಊಟದ ನಕಲು ತೋರಿಸಿ ಪ್ರಯೋಜನವಿಲ್ಲ. ಅದಕ್ಕೇ ಈ ಫ್ಲೈಗಳು ಯಾವ ಹುಳದಂತೆಯೂ ಇರುವುದಿಲ್ಲ.

ಈ ಕೂದಲಿನ ರೆಕ್ಕೆ ಬಂದದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಸಾಲ್ಮನ್‌ಗೆಂದು ಕಟ್ಟುತ್ತಿದ್ದ ಫ್ಲೈಗಳು ದರ್ಬಾರಿನ ಪೋಷಾಕಿನಂತೆ ಇದ್ದವು. ಲೋಕದ ಎಲ್ಲ ಮೂಲೆಗಳ ಹಕ್ಕಿಗಳ ಗರಿ ಅದಕ್ಕೆ ಬೇಕು. ಅವುಗಳಲ್ಲಿ ಒಂದು ನಮ್ಮದೇ ಕಾಡಿನದು. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜವನ್ನು ನೀವು ನೋಡಿರಬಹುದು. ಅದರ ಕೊರಳ ಗರಿಯಲ್ಲಿ ಗಟ್ಟಿಯಾಗಿ ಹೊಳೆಯುವ ಬಿಳಿ-ಹಳದಿ ಚುಕ್ಕೆಗಳಿರುತ್ತವೆ. ಫ್ಲೈನ ಎರಡು ಕೆನ್ನೆಗೂ ಆ ಗರಿ ಕಟ್ಟಿದರೆ ಕಣ್ಣು ಬಂದಂತೆ. ಆ ಗರಿಗೆ ‘ಜಂಗಲ್ ಕಾಕ್’ ಎಂದೇ ಹೆಸರು, ಹಡಗುಗಟ್ಟಲೆ ಹೋಗುತ್ತಿತ್ತು. ಈಗ ಆ ಹಕ್ಕಿಗೆ ನಮ್ಮಲ್ಲಿ ಕಾನೂನಿನ ರಕ್ಷಣೆಯಿದೆ, ಹೊರದೇಶದವರು ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ. ಆರಿಗನ್ನಿನ ಕೆಲವು ಹಳೆಯ ಫ್ಲೈಗಳ ಕೆನ್ನೆಯಲ್ಲೂ ಈ ಕಣ್ಣು ಇರುವುದುಂಟು.

ಆದರೆ ಪಶ್ಚಿಮ ಕರಾವಳಿಯಲ್ಲಿ ಸ್ಟೀಲ್‌ಹೆಡ್ ಹಿಡಿಯುತ್ತಿದ್ದವರಲ್ಲಿ ಹೆಚ್ಚಿನವರು ಶ್ರೀಮಂತರಲ್ಲ. ಪರದೇಶದ ಗರಿ ತರಿಸುವ ಶಕ್ತಿ ಅವರಿಗಿರಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ಬೇಟೆಯಾಡಿ ತಂದ ಜಿಂಕೆಯ ಬಾಲ ಮನೆಯಲ್ಲೇ ಇತ್ತು. ಅದರ ಕೆಳಮೈಯ ಕೂದಲು ಬೆಳ್ಳಗೆ, ಉದ್ದಕ್ಕೆ, ಗಟ್ಟಿಯಾಗಿ ಇರುತ್ತದೆ. ಗರಿಯ ರೆಕ್ಕೆ ನಾಲ್ಕು ಮೀನಿನ ಹಲ್ಲಿಗೆ ಸಿಕ್ಕಿದರೆ ಚಿಂದಿ, ಕೂದಲು ಬಾಳುತ್ತದೆ. ಇನ್ನೂ ದೊಡ್ಡ ಲಾಭ ನೀರಿನಲ್ಲಿ ಕಾಣುತ್ತದೆ. ರಭಸದ ಹೊಳೆಯಲ್ಲಿ ಗರಿ ಮಡಚಿ ಮೈಗೆ ಅಂಟಿಕೊಳ್ಳುತ್ತದೆ. ಕೂದಲಿನ ಎಳೆಗಳು ಸೆಳವಿಗೆ ಕೂಡಿ, ಬಿಡಿಸಿ, ಮತ್ತೆ ಕೂಡುತ್ತಾ ಜೀವವಿದ್ದಂತೆ ಮಿಡಿಯುತ್ತವೆ. ಬಡತನದಿಂದ ಬಂದ ಬದಲಾವಣೆ ಆ ಹೊಳೆಗಳಿಗೆ ಹೇಳಿಮಾಡಿಸಿದ ಹಾಗಾಯಿತು.

ಈಗ ಗುರುತಿಸುವ ವಿಷಯ. ಹಳೆಯ ಡಬ್ಬಿಯೊಂದು ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಒಳಗೊಂದು ಫ್ಲೈ: ಮೇಲೆ ಬಿಳಿ ಕೂದಲ ರೆಕ್ಕೆ. ಎಲ್ಲರೂ ಮೊದಲು ನೋಡುವುದು ಆ ರೆಕ್ಕೆಯನ್ನೇ, ಮೋಸಹೋಗುವುದೂ ಅಲ್ಲೇ. ಬಿಳಿ ರೆಕ್ಕೆಯ ಸ್ಟೀಲ್‌ಹೆಡ್ ಫ್ಲೈಗಳು ಹಿಂಡುಹಿಂಡಾಗಿವೆ. ಕಟ್ಟುವವರು ಬಾಲದಿಂದ ಶುರುಮಾಡಿ, ಮೈ ಸುತ್ತಿ, ಕೊರಳಿಗೆ ಗರಿ ಹಾಕಿ, ಕೊನೆಗೆ ರೆಕ್ಕೆ ಕೂರಿಸಿ ತಲೆಗೆ ಗಂಟು ಹಾಕುತ್ತಾರೆ. ಗುರುತಿಸುವವರೂ ಅದೇ ದಾರಿಯಲ್ಲಿ ಬಾಲದಿಂದ ತಲೆಗೆ ಓದಿಕೊಂಡು ಬರಬೇಕು.

ನಮ್ಮ ಕೈಯಲ್ಲಿರುವುದನ್ನು ಓದೋಣ. ಬಾಲ: ಹುಂಜದ ಗರಿಯ ಕೆಂಪು ಎಳೆಗಳು, ಗಿಡ್ಡ. ಅದರ ಮುಂದೆ ಮೈ ಶುರುವಾಗುವ ಕಡೆ ಕಣ್ಣು ಕುಕ್ಕುವ ಹಸಿರಿನ ಎರಡು ಸುತ್ತು. ಆಮೇಲೆ ಶೆನೀಲ್ ಎಂಬ ಜೂಲುಜೂಲಾದ ದಾರದ ಕಪ್ಪು ಮೈ. ಅದರ ಮೇಲೆ ಓರೆಯಾಗಿ ಹತ್ತಿಬಂದ ಬೆಳ್ಳಿ ಜರಿ. ಕೊರಳಿಗೆ ಕಪ್ಪು ಗರಿ. ಬೆನ್ನ ಮೇಲೆ ಬಿಳಿ ಕೂದಲು, ಬಾಲದ ತುದಿಯನ್ನು ದಾಟದ ಹಾಗೆ. ಕಪ್ಪು ತಲೆ. ಇದು ಗ್ರೀನ್ ಬಟ್ ಸ್ಕಂಕ್. ಸ್ಕಂಕ್ ಅಂದರೆ ಕಪ್ಪು ಮೈಯ ಬೆನ್ನಿನುದ್ದಕ್ಕೂ ಬಿಳಿ ಪಟ್ಟೆಯಿರುವ, ಕೆಣಕಿದರೆ ಸಹಿಸಲಾರದ ನಾತ ಚಿಮ್ಮಿಸುವ ಅಮೆರಿಕದ ಪ್ರಾಣಿ. ಫ್ಲೈ ನೋಡಿದರೆ ಹೆಸರು ಯಾಕೆಂದು ತಾನಾಗಿ ತಿಳಿಯುತ್ತದೆ.

ಆ ಹಸಿರು ಸುತ್ತು ಇಲ್ಲದಿದ್ದರೆ ಅದು ಬರೀ ಸ್ಕಂಕ್, ಮೂಲದ ಫ್ಲೈ. ಅದು 1930ರ ದಶಕದ್ದು. ಮೊದಲು ಕಟ್ಟಿದವರು ನಾವೇ ಎಂದು ಆರಿಗನ್ನಿನವರೂ ವಾಷಿಂಗ್ಟನ್ನಿನವರೂ ಹೇಳಿಕೊಳ್ಳುತ್ತಾರೆ. ಹಸಿರು ಬುಡ ಸೇರಿಸಿದವರು ಡ್ಯಾನ್ ಕ್ಯಾಲಹನ್, ಆರಿಗನ್ನಿನ ವಕೀಲರು, ಹೊಳೆಗಳ ಒಳ್ಳೆಯ ಛಾಯಾಗ್ರಾಹಕರು.

ಬಾಲ ಕಿತ್ತಳೆ, ಮೈ ದ್ರಾಕ್ಷಾರಸದ ಕೆಂಪು, ಕೊರಳ ಗರಿ ಕಂದು ಆಗಿದ್ದರೆ? ರೆಕ್ಕೆ ಅದೇ ಬಿಳಿ, ಆದರೆ ಹೆಸರು ಥಾರ್. ಉತ್ತರ ಕ್ಯಾಲಿಫೋರ್ನಿಯಾದ ಯುರೇಕಾ ಊರಿನ ಜಿಮ್ ಪ್ರೇ 1936ರಲ್ಲಿ ಕಟ್ಟಿದ್ದು. ಬಾಲಕ್ಕೂ ಕೊರಳಿಗೂ ಕೆಂಪು-ಹಳದಿ ಗರಿ ಬೆರೆಸಿ, ಮೈಯನ್ನು ಕೆಂಪು ಮಾಡಿದ್ದರೆ ಅದು ಸ್ಕೈಕೋಮಿಶ್ ಸನ್‌ರೈಸ್. ವಾಷಿಂಗ್ಟನ್ನಿನ ಸ್ಕೈಕೋಮಿಶ್ ಹೊಳೆಯ ಮೇಲೆ ಕಂಡ ಸೂರ್ಯೋದಯವನ್ನು ಗಾಳಕ್ಕೆ ಇಳಿಸಲು ಹೊರಟ ಜಾರ್ಜ್ ಮೆಕ್‌ಲಿಯಾಡ್ ಅವರ ಕೈಕೆಲಸ. ನವಿಲುಗರಿಯ ಎಳೆ ಸುತ್ತಿ ನಡುವಿಗೆ ಕೆಂಪು ರೇಷ್ಮೆಯ ಪಟ್ಟಿ ಕಟ್ಟಿದ್ದರೆ ರಾಯಲ್ ಕೋಚ್‌ಮನ್ನಿನ ಕೂದಲ ರೂಪ. ಬಿಳಿ ರೆಕ್ಕೆಯೊಳಗೆ ಕೆಂಪು ಎಳೆಗಳು ಇಣುಕಿ, ಮೈ ಹಿಂದೆ ಹಳದಿ ಮುಂದೆ ಕೆಂಪು ಆಗಿದ್ದರೆ ಅಂಪ್‌ಕ್ವಾ ಸ್ಪೆಷಲ್. ಕೆನ್ನೆಯಲ್ಲಿ ನಮ್ಮ ಕಾಡುಕೋಳಿಯ ಕಣ್ಣನ್ನು ಹುಡುಕಬೇಕಾದದ್ದು ಇದರಲ್ಲಿ. ಎಲ್ಲವೂ ಬಿಳಿ ರೆಕ್ಕೆಯವೇ.

ವಯಸ್ಸು ಹೇಳುವ ಗುರುತುಗಳೂ ಇವೆ. ರೆಕ್ಕೆಯ ಕೂದಲು ಗಾಜಿನಂತೆ ಬೆಳಕು ಬಿಟ್ಟುಕೊಟ್ಟು ಮಿಂಚುತ್ತಿದ್ದರೆ ಅದು ಹಿಮಕರಡಿಯದಿರಬಹುದು. ಒಂದು ಕಾಲಕ್ಕೆ ಅದೇ ಶ್ರೇಷ್ಠ. 1972ರಲ್ಲಿ ಅಮೆರಿಕ ಸಮುದ್ರ ಸಸ್ತನಿಗಳ ರಕ್ಷಣೆಗೆ ಕಾನೂನು ಮಾಡಿದ ಮೇಲೆ ಅದರ ವ್ಯಾಪಾರ ನಿಂತಿತು. ಆಮೇಲಿನವರು ಜಿಂಕೆಯ ಬಾಲಕ್ಕೂ ಕರುವಿನ ಬಾಲಕ್ಕೂ ಬಂದರು. ಕರುವಿನ ಕೂದಲು ಸುರುಳಿಯಾಗಿರುತ್ತದೆ, ಬರಿಗಣ್ಣಿಗೇ ಗೊತ್ತಾಗುತ್ತದೆ. ಇನ್ನು ಆ ಹಸಿರು ಬುಡ: ಅತಿನೇರಳೆ ದೀಪದ ಕೆಳಗೆ ಉರಿದಂತೆ ಕಂಡರೆ ಅದು ಫ್ಲೋರೆಸೆಂಟ್ ಬಣ್ಣ. ಅಂಥ ಬಣ್ಣ ಫ್ಲೈ ಕಟ್ಟುವವರ ಕೈಗೆ ಧಾರಾಳವಾಗಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಯಾರಾದರೂ ಅದನ್ನು ಅಜ್ಜನ ಕಾಲದ, ಯುದ್ಧಪೂರ್ವದ ಫ್ಲೈ ಎಂದು ಮಾರಲು ಬಂದರೆ ನಕ್ಕು ಕಳಿಸಬಹುದು.

ಇಷ್ಟು ಓದಿದ್ದು ಹೆಸರಿಗಾಗಿ ಮಾತ್ರವಲ್ಲ. ಹೆಸರು ಮೀನಿಗೆ ಬೇಡ. ಆದರೆ ಕಟ್ಟಿದ ರೀತಿಯಲ್ಲೇ ಅದನ್ನು ಹೇಗೆ ಆಡಿಸಬೇಕೆಂಬುದು ಬರೆದಿರುತ್ತದೆ. ದಾರ ಕಟ್ಟುವ ಕಣ್ಣು ಮೇಲಕ್ಕೆ ಬಾಗಿರುವ ದಪ್ಪ ಕಬ್ಬಿಣ ಯಾಕೆ? ಅದು ಫ್ಲೈಯನ್ನು ನೆಟ್ಟಗೆ ನಿಲ್ಲಿಸುವ ಭಾರ. ಶೆನೀಲ್ ಯಾಕೆ? ಅದು ನೀರು ಕುಡಿದು ಮುಳುಗಲು ನೆರವಾಗುತ್ತದೆ. ರೆಕ್ಕೆ ಯಾಕೆ ತೆಳ್ಳಗೆ? ದಟ್ಟವಾಗಿ ಕಟ್ಟಿದರೆ ಸೆಳವು ಅದನ್ನು ಮೇಲಕ್ಕೆ ಎತ್ತಿ ಪಕ್ಕಕ್ಕೆ ಮಗುಚುತ್ತದೆ. ಅಂಗಡಿಯ ಫ್ಲೈಗಳಲ್ಲಿ ನನಗೆ ಕಾಣುವ ದೊಡ್ಡ ದೋಷ ಇದೇ. ಕೊಳ್ಳುವವರ ಕಣ್ಣಿಗೆ ಕೂದಲು ಸಮೃದ್ಧವಾಗಿರಬೇಕು, ಮೀನಿಗೆ ಅರ್ಧ ಸಾಕು. ಎಸೆಯುವ ಮುಂಚೆ ಕಾಲ ಬುಡದ ನೀರಿನಲ್ಲಿ ಫ್ಲೈ ಹಿಡಿದು ನೋಡಿ; ಅಡ್ಡ ಬೀಳುತ್ತಿದ್ದರೆ ರೆಕ್ಕೆಯಿಂದ ಒಂದಿಷ್ಟು ಕೂದಲು ಕಿತ್ತು ಹಾಕಿ. ಮರುಕ ಬೇಡ.

ಆಡಿಸುವ ರೀತಿ ಹೇಳಲು ಒಂದು ಹೊಳೆ ಬೇಕು. ಆರಿಗನ್ನಿನ ನಾರ್ತ್ ಅಂಪ್‌ಕ್ವಾ ಆಗಲಿ. ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ರೋಸ್‌ಬರ್ಗ್ ಊರಿನ ಬಳಿ ತನ್ನ ದಕ್ಷಿಣದ ತಂಗಿಯನ್ನು ಕೂಡುತ್ತದೆ. ಎರಡೂ ದಡದಲ್ಲಿ ಡಗ್ಲಸ್ ಫರ್ ಮರಗಳು, ತಳಕ್ಕೆ ಹಾಸುಬಂಡೆ, ಹಸಿರು ನೀರು. ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಫ್ಲೈ ಬಿಟ್ಟು ಬೇರೇನೂ ಹಾಕುವಂತಿಲ್ಲ ಎಂಬ ನಿಯಮ 1950ರ ದಶಕದಿಂದ ಇದೆ. ಇದನ್ನು ಸೇರುವ ಸ್ಟೀಮ್‌ಬೋಟ್ ತೊರೆಯಲ್ಲಂತೂ 1932ರಿಂದ ಗಾಳವೇ ನಿಷಿದ್ಧ, ಅದು ಮೀನುಗಳ ತವರು. ಕೌಬಾಯ್ ಕಾದಂಬರಿಗಳ ಜೇನ್ ಗ್ರೇ ತಮ್ಮ ಕೊನೆಯ ವರ್ಷಗಳಲ್ಲಿ ಇಲ್ಲಿ ಬೀಡುಬಿಡುತ್ತಿದ್ದರು. 1937ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿದದ್ದೂ ಇದೇ ದಡದಲ್ಲಿ. ನಾರ್ಮಂಡಿಯ ಯುದ್ಧಕ್ಕೆ ಹೋಗಿ ಬಂದ ಫ್ರ್ಯಾಂಕ್ ಮೂರ್ 1957ರಲ್ಲಿ ಇಲ್ಲಿ ಸ್ಟೀಮ್‌ಬೋಟ್ ಇನ್ ಎಂಬ ವಸತಿಗೃಹ ತೆರೆದರು. ಮರ ಕಡಿದು ತೊರೆಗಳನ್ನು ಹಾಳುಮಾಡುವುದರ ವಿರುದ್ಧ ಜೀವಮಾನವಿಡೀ ಹೋರಾಡಿದರು. 2019ರಲ್ಲಿ ಅಮೆರಿಕದ ಸಂಸತ್ತು ಸ್ಟೀಮ್‌ಬೋಟ್ ತೊರೆಯ ಸುತ್ತಲಿನ ಸುಮಾರು 1 ಲಕ್ಷ ಎಕರೆ ಕಾಡಿಗೆ ಅವರ ಮತ್ತು ಅವರ ಪತ್ನಿ ಜೀನ್ ಅವರ ಹೆಸರಿಟ್ಟು ಕಾನೂನು ಮಾಡಿತು. 2022ರಲ್ಲಿ ಮೂರ್ ತೀರಿಕೊಂಡರು.

ಈ ಹೊಳೆಯಲ್ಲಿ ನಿಲ್ಲುವುದೇ ಒಂದು ವಿದ್ಯೆ. ಹಾಸುಬಂಡೆಯ ಮೇಲೆ ಪಾಚಿ, ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳು ಮುಳುಗುವಷ್ಟು. ಅಡಿಯಲ್ಲಿ ಉಕ್ಕಿನ ಮೊಳೆಯಿರುವ ಬೂಟು, ಕೈಯಲ್ಲಿ ಊರುಗೋಲು ಬೇಕೇ ಬೇಕು. ಮುಂಜಾನೆ ಮತ್ತು ಸಂಜೆ, ಬಿಸಿಲು ನೀರಿನ ಮೇಲಿಲ್ಲದ ಹೊತ್ತು ಉತ್ತಮ. ಮೀನು ಇರುವುದು ಮಡುವಿನ ಗರ್ಭದಲ್ಲಿ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅಲ್ಲೂ ಇರುತ್ತದೆ, ಆದರೆ ಫ್ಲೈಗೆ ಏಳುವ ಮೀನು ಸಾಮಾನ್ಯವಾಗಿ ಮಡು ಮುಗಿದು ನೀರು ತೆಳ್ಳಗಾಗಿ ಮುಂದಿನ ಇಳಿತಕ್ಕೆ ಜಾರುವ ಕಡೆ, ಮುಳುಗಿದ ಬಂಡೆಯ ಮುಂದೆಯೋ ಪಕ್ಕದಲ್ಲೋ, ನಡಿಗೆಯ ವೇಗದಲ್ಲಿ ಹರಿಯುವ ನೀರಿನಲ್ಲಿರುತ್ತದೆ.

ಮಡುವಿನ ತಲೆಯಿಂದ ಶುರು. ಎದುರು ದಡದತ್ತ, ಆದರೆ ಕೆಳಹರಿವಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನಕ್ಕೆ ದಾರ ಎಸೆಯಬೇಕು. ಆಮೇಲೆ ಎಳೆಯುವುದೇನೂ ಇಲ್ಲ. ಗೂಟಕ್ಕೆ ಕಟ್ಟಿದ ಕರು ಹಗ್ಗ ಬಿಗಿಯಾದಷ್ಟು ದೂರದಲ್ಲಿ ಅರ್ಧಚಂದ್ರವಾಗಿ ಸುತ್ತುವ ಹಾಗೆ ಫ್ಲೈ ತಾನಾಗಿ ಹೊಳೆಯನ್ನು ಅಡ್ಡಹಾಯ್ದು ನಿಮ್ಮ ದಡದ ಕಡೆಗೆ ಬರುತ್ತದೆ. ಅದಕ್ಕೆ ಸ್ವಿಂಗ್ ಅನ್ನುತ್ತಾರೆ.

ತೊಂದರೆ ಇರುವುದು ನಡುವಿನ ಸೆಳವಿನಲ್ಲಿ. ಅಲ್ಲಿ ನೀರು ಜೋರಾಗಿದ್ದರೆ ದಾರ ಬಿಲ್ಲಿನಂತೆ ಬಾಗಿ ಫ್ಲೈಯನ್ನು ದರದರ ಎಳೆದುಕೊಂಡು ಹೋಗುತ್ತದೆ. ಓಡುವ ಫ್ಲೈಯನ್ನು ಅಟ್ಟಿಸಿಕೊಂಡು ಬರುವ ಮೀನು ಕಡಿಮೆ. ಆಗ ಗಾಳದ ಕೋಲಿನ ತುದಿಯಿಂದ ದಾರದ ಆ ಬಿಲ್ಲನ್ನು ಎತ್ತಿ ಮೇಲ್ಹರಿವಿಗೆ ಹಾಕಬೇಕು, ಫ್ಲೈಯನ್ನು ಅಲುಗಿಸದೆ. ಇದಕ್ಕೆ ಮೆಂಡ್ ಎಂದು ಹೆಸರು. ಸ್ಕಾಟ್ಲೆಂಡಿನ ಡೀ ನದಿಯ ಕೇರ್ನ್‌ಟನ್ನಿನಲ್ಲಿ ಆರ್ಥರ್ ವುಡ್ ಎಂಬುವರು ದಾರಕ್ಕೆ ಜಿಡ್ಡು ಸವರಿ ತೇಲಿಸಿ, ಹೀಗೆ ದಾರ ತಿದ್ದುತ್ತಾ ಸಾಲ್ಮನ್ ಹಿಡಿಯುವ ಕ್ರಮವನ್ನು ಬೆಳೆಸಿದರು. 1935ರಲ್ಲಿ ಜಾಕ್ ಸ್ಕಾಟ್ ಎಂಬ ಹೆಸರಿನಲ್ಲಿ ಆ ಬಗ್ಗೆ ಪುಸ್ತಕ ಬಂತು. ಇಂಗ್ಲೆಂಡಿನಿಂದ ಹೋಗಿ ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ನದಿಯ ದಂಡೆಯಲ್ಲಿ ನೆಲಸಿ, ಅಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ಲೇಖಕ ರೋಡರಿಕ್ ಹೇಗ್-ಬ್ರೌನ್ ಅಂಥವರು ಅದನ್ನು ಸ್ಟೀಲ್‌ಹೆಡ್‌ಗೆ ಒಗ್ಗಿಸಿದರು. ಫ್ಲೈ ನೀರಿನಲ್ಲಿ ಮಗ್ಗುಲು ತೋರಿಸುತ್ತಾ, ನಿಧಾನವಾಗಿ, ಆದರೆ ಸತ್ತಂತೆ ಅಲ್ಲದೆ ಸಾಗಬೇಕು. ಆ ವೇಗ ಕೈಗೆ ಬಂದರೆ ಯಾವ ಫ್ಲೈ ಆದರೂ ನಡೆಯುತ್ತದೆ. ಬರದಿದ್ದರೆ ಡಬ್ಬಿಯಲ್ಲಿ ನೂರು ಫ್ಲೈ ಇದ್ದೂ ವ್ಯರ್ಥ.

ಫ್ಲೈ ಬಂದು ನಿಮ್ಮ ನೇರ ಕೆಳಗೆ ನಿಂತಿತು. ಅವಸರದಲ್ಲಿ ಎತ್ತಬೇಡಿ. ಹಿಂಬಾಲಿಸಿ ಬಂದ ಮೀನು ಅಲ್ಲೇ ಮನಸ್ಸು ಮಾಡುವುದುಂಟು. ಕೆಲವು ಕ್ಷಣ ಬಿಟ್ಟು ಎಳೆದುಕೊಂಡು, ಎರಡು ಹೆಜ್ಜೆ ಕೆಳಕ್ಕೆ ಇಳಿದು, ಅಷ್ಟೇ ಉದ್ದದ ದಾರ ಮತ್ತೆ ಎಸೆಯಿರಿ. ಹೀಗೆ ಮಡುವಿನ ಬಾಲದ ತನಕ. ನಿಮ್ಮ ಹಿಂದೆ ಇನ್ನೊಬ್ಬರು ಇಳಿಯುತ್ತಿದ್ದರೆ ನಿಂತಲ್ಲೇ ನಿಲ್ಲುವುದು ಅಲ್ಲಿ ದೊಡ್ಡ ಅಸಭ್ಯತೆ. ಹೆಜ್ಜೆ ಹಾಕುತ್ತಲೇ ಇರಬೇಕು.

ಕಚ್ಚಿದಾಗ ಏನು ಮಾಡಬೇಕು? ಏನೂ ಮಾಡಬಾರದು. ಟ್ರೌಟ್ ಹಿಡಿದು ಅಭ್ಯಾಸವಿದ್ದವರ ಕೈ ಥಟ್ಟನೆ ಕೋಲೆತ್ತುತ್ತದೆ, ಫ್ಲೈ ಮೀನಿನ ಬಾಯಿಂದ ಹೊರಗೆ. ಕೆಳಗೆ ನಿಂತ ಮೀನಿನ ಬಾಯಿ ನಿಮ್ಮ ಕಡೆಗೇ ತೆರೆದಿರುತ್ತದೆ. ಅದು ಫ್ಲೈ ಹಿಡಿದು ತನ್ನ ಜಾಗಕ್ಕೆ ತಿರುಗಿದರೆ ಕೊಕ್ಕೆ ತಾನಾಗಿ ಬಾಯಿಯ ಮೂಲೆಗೆ ಸರಿದು ಕೂರುತ್ತದೆ. ಅದಕ್ಕೇ ಕೆಲವರು ರೀಲಿನ ಹತ್ತಿರ ಒಂದು ಮೊಳ ದಾರ ಸಡಿಲ ಬಿಟ್ಟು ಹಿಡಿದಿರುತ್ತಾರೆ. ಮೀನು ಅದನ್ನು ಎಳೆದುಕೊಂಡು ರೀಲು ಕಿರುಗುಟ್ಟಿದ ಮೇಲೇ ಕೋಲಿಗೆ ಕೆಲಸ.

ಕೆಲವೊಮ್ಮೆ ಮೀನು ಫ್ಲೈ ಹಿಂದೆ ನೀರು ಕಲಕಿ ಹೋಗುತ್ತದೆ, ಮುಟ್ಟುವುದಿಲ್ಲ. ಇಲ್ಲಿ ಫ್ಲೈ ಬದಲಿಸುವುದಕ್ಕೆ ಅರ್ಥವಿದೆ. ದಾರದ ಉದ್ದ ಬದಲಿಸಬೇಡಿ, ಕಾಲೂ ಕೀಳಬೇಡಿ. ಒಂದೆರಡು ನಿಮಿಷ ಸುಮ್ಮನಿದ್ದು, ಅದೇ ಕಪ್ಪು ಫ್ಲೈಯ ಇನ್ನೂ ಚಿಕ್ಕ ರೂಪ ಕಟ್ಟಿ, ಅದೇ ಜಾಗದ ಮೇಲೆ ಸಾಗಿಸಿ. 4ನೇ ಅಳತೆಯ ಗಾಳಕ್ಕೆ ಎದ್ದ ಮೀನು ಅದಕ್ಕಿಂತ ಚಿಕ್ಕದಾದ 8ನೆಯದಕ್ಕೆ ಕಚ್ಚುವುದುಂಟು. ಹೊಳೆಯುವ ಬಿಸಿಲಿಗೆ ಹೊಳೆಯುವ ಫ್ಲೈ, ಮೋಡಕ್ಕೆ ಕಪ್ಪು ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಕೆಳಗಿನಿಂದ ಆಕಾಶದ ಕಡೆ ನೋಡುವ ಮೀನಿಗೆ ಯಾವ ಬೆಳಕಿನಲ್ಲೂ ಕಪ್ಪಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಈ ಫ್ಲೈ ಇಷ್ಟು ಕಾಲ ಉಳಿದದ್ದು ಅದರಿಂದ ಎಂದೇ ನನ್ನ ಊಹೆ. ಹಸಿರು ಬುಡ ಮೀನಿಗೆ ಎಷ್ಟು ಬೇಕೋ, ಕಟ್ಟುವವರಿಗಂತೂ ಬಹಳ ಬೇಕು.

ಹಿಡಿದ ಮೀನನ್ನೂ ಗುರುತಿಸಬೇಕು. ಬೆನ್ನ ಮೇಲೆ ಬಾಲದ ಹತ್ತಿರ ಒಂದು ಪುಟ್ಟ ಮಾಂಸಲ ರೆಕ್ಕೆಯಿರುತ್ತದೆ. ಸಾಕಣೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮರಿಗಳಿಗೆ ಅದನ್ನು ಕತ್ತರಿಸಿರುತ್ತಾರೆ. ಅದು ಪೂರ್ತಿ ಇದ್ದರೆ ಹೊಳೆಯ ಸ್ವಂತ ಮೀನು, ನಾರ್ತ್ ಅಂಪ್‌ಕ್ವಾದಲ್ಲಿ ಅದನ್ನು ಬಿಡಲೇಬೇಕು, ಆದಷ್ಟು ನೀರಿನಿಂದ ಎತ್ತದೆಯೇ. ನೀರಿನ ಬಿಸಿ 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಬಿಟ್ಟ ಮೀನೂ ಉಳಿಯುವ ಭರವಸೆಯಿಲ್ಲ. ಅಂಥ ದಿನ ಕೋಲು ಬಿಚ್ಚಿ ಇಡುವುದೇ ಸರಿ. ಇದು ಬರೀ ಮಾತಲ್ಲ. 2020ರ ಸೆಪ್ಟೆಂಬರಿನಲ್ಲಿ ಆರ್ಚೀ ಕ್ರೀಕ್ ಕಾಡ್ಗಿಚ್ಚು ಈ ಕಣಿವೆಯಲ್ಲಿ 1 ಲಕ್ಷದ 30 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು, ದಡದ ನೆರಳೇ ಹೋಯಿತು. ಮರುವರ್ಷ ಬೇಸಿಗೆಯ ಮೀನು ಎಷ್ಟು ಕಡಿಮೆ ಬಂತೆಂದರೆ ಸರಕಾರ ಹೊಳೆಯನ್ನು ಗಾಳಕ್ಕೆ ಮುಚ್ಚಬೇಕಾಯಿತು.

ಸ್ಟೀಮ್‌ಬೋಟ್ ತೊರೆಯಲ್ಲಿ ಬಿಗ್ ಬೆಂಡ್ ಎಂಬ ತಂಪಾದ ಮಡುವಿದೆ. ಬೇಸಿಗೆಯಲ್ಲಿ ನೂರಾರು ಸ್ಟೀಲ್‌ಹೆಡ್‌ಗಳು ಅಲ್ಲಿ ಒತ್ತಾಗಿ ನಿಂತಿರುತ್ತವೆ. ಕಳ್ಳರು ಹಿಂದೆ ಅಲ್ಲಿ ಸಿಡಿಮದ್ದು ಹಾಕಿದ್ದೂ ಉಂಟು. ಲೀ ಸ್ಪೆನ್ಸರ್ ಎಂಬುವರು ನಾಯಿಯೊಂದನ್ನು ಜೊತೆ ಮಾಡಿಕೊಂಡು ವರ್ಷವರ್ಷವೂ ಬೇಸಿಗೆಯಿಡೀ ದಡದಲ್ಲಿ ಕೂತು ಆ ಮೀನುಗಳನ್ನು ಕಾದರು, ಅವುಗಳ ಚಲನವಲನ ಬರೆದಿಟ್ಟರು. ಕೆಳಗಿನ ಹೊಳೆಯಲ್ಲಿ ತಾವು ಎಸೆಯುತ್ತಿದ್ದ ಫ್ಲೈಗಳ ಗಾಳದ ಮೊನೆಯನ್ನೇ ಅವರು ಮುರಿದುಹಾಕಿದ್ದರು. ಮೀನು ಎದ್ದು ಫ್ಲೈ ಹಿಡಿದರೆ ಅವರಿಗೆ ಸಾಕು, ಸಿಕ್ಕಿಸುವ ಮಾತಿಲ್ಲ. ನನಗೆ ಅಷ್ಟು ವೈರಾಗ್ಯ ಬಂದಿಲ್ಲ. ಇಕ್ಕಳದಿಂದ ಹಿಮ್ಮುಳ್ಳನ್ನು ಅದುಮಿ ಚಪ್ಪಟೆ ಮಾಡುವ ತನಕ ಬಂದಿದ್ದೇನೆ, ಮೊನೆ ಮುರಿಯಲು ಕೈ ಏಳುವುದಿಲ್ಲ.